ಮನೋರೋಗ, ಕೊಲೆಯ ಆರೋಪ ಮತ್ತು ಕಾನೂನಿನ ರಕ್ಷಣೆ

ಕುಟುಂಬ ಕಲ್ಯಾಣದ ಪುಸ್ತಿಕೆಯಲ್ಲಿ ಕೊಲೆಯ ವಿಚಾರವೇಕೆ ಎಂದು ಓದುಗ ದಂಪತಿಗಳು ಆಶ್ಚರ್ಯಪಡಬಹುದು. ಮನೋರೋಗವು ಉಲ್ಬಣಿಸಿದ ಸ್ಥಿತಿಯಲ್ಲಿ ಅಪರೂಪಕ್ಕೊಮ್ಮೆ ಪ್ರಾಣಹಾನಿ ಸಂಭವಿಸಿದಾಗ, ಸಾಯುವವರು ಬಹುಮಟ್ಟಿಗೆ ದಾರಿಹೋಕರಲ್ಲ. ರೋಗಿಯೊಡನೆ ಒಂದೇ ಸೂರಿನಡಿ ಬಾಳುವ ಹೆಂಡತಿ, ಗಂಡ, ತಾಯಿ ಅಥವಾ ಎಳೆಗೂಸು. ಆ ಮನೆಯವರು ಒಂದೇ ದಿನದಲ್ಲಿ ಇಬ್ಬರನ್ನು ಕಳೆದುಕೊಳ್ಳುತ್ತಾರೆ: ಒಬ್ಬರು ಸ್ಮಶಾನಕ್ಕೆ, ಇನ್ನೊಬ್ಬರು ಸೆರೆಮನೆಗೆ. ಅನಂತರ ಊರಿನ ಅರಳಿಕಟ್ಟೆಯ ಮೇಲೆ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. "ಹುಚ್ಚು ಹಿಡಿದವನು, ಅವನನ್ನು ಕಾನೂನು ಏನೂ ಮಾಡಲಾರದು" ಎಂಬುದು ಒಂದು. "ಕೊಂದವನು ಕೊಂದವನೇ, ಹುಚ್ಚಿನ ನೆಪ ಹೇಳಿ ತಪ್ಪಿಸಿಕೊಳ್ಳಲು ನೋಡುತ್ತಿದ್ದಾನೆ" ಎಂಬುದು ಮತ್ತೊಂದು. ಇವೆರಡೂ ಸರಿಯಲ್ಲ. ಕಾನೂನು ರೋಗಿಗೆ ರಕ್ಷಣೆಯನ್ನು ನೀಡಿದೆ; ಆದರೆ ಆ ರಕ್ಷಣೆಯ ಬಾಗಿಲು ಬಹಳ ಕಿರಿದು, ಮತ್ತು ಅದನ್ನು ತೆರೆಯಬಲ್ಲ ಸಾಕ್ಷ್ಯವು ಬಹುಪಾಲು ಮನೆಯವರ ಕೈಯಲ್ಲಿಯೇ ಇರುತ್ತದೆ. ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ದಂಪತಿಗಳು ಇದನ್ನು ವಿಪತ್ತು ಬರುವುದಕ್ಕೆ ಮುನ್ನವೇ ಅರಿತಿರಲಿ ಎಂಬುದು ಈ ಪಾಠದ ಉದ್ದೇಶ.

ಮನಸ್ಸಿಗೆ ಬರುವ ರೋಗ

ನಮ್ಮ ಸೀಮೆಯ ಮನೆಗಳಲ್ಲಿ ಕನ್ನಡದಲ್ಲಿ ಹುಚ್ಚು ಎಂದೂ ತೆಲುಗಿನಲ್ಲಿ ಪಿಚ್ಚಿ ಎಂದೂ ಒಂದೇ ಮಾತಿನಲ್ಲಿ ಕರೆದುಬಿಡುವ ಸ್ಥಿತಿಯೊಳಗೆ ಹಲವು ಬೇರೆ ಬೇರೆ ರೋಗಗಳಿವೆ. ಸ್ಕಿಜೋಫ್ರೇನಿಯ ಎಂಬ ರೋಗದಲ್ಲಿ ಯಾರೂ ಮಾತನಾಡದಿದ್ದರೂ ರೋಗಿಗೆ ಧ್ವನಿಗಳು ಕೇಳಿಸುತ್ತವೆ. ಮನೆಯವರು ಅನ್ನದಲ್ಲಿ ವಿಷ ಹಾಕುತ್ತಿದ್ದಾರೆ, ನೆರೆಯವರು ಮಾಟ ಮಾಡಿಸಿದ್ದಾರೆ, ಹೆಂಡತಿಯು ಪರಪುರುಷನೊಡನೆ ಸೇರಿ ತನ್ನನ್ನು ಕೊಲ್ಲಲು ಸಂಚು ಹೂಡಿದ್ದಾಳೆ ಎಂಬಂತಹ ಭ್ರಾಂತಿಗಳು ಬೇರೂರುತ್ತವೆ. ಎಷ್ಟು ಸಮಾಧಾನ ಹೇಳಿದರೂ, ದೇವರ ಮುಂದೆ ಆಣೆಯಿಟ್ಟರೂ ಅವು ಕದಲುವುದಿಲ್ಲ. ಉನ್ಮಾದದಲ್ಲಿ ನಿದ್ರೆಯ ಅವಶ್ಯಕತೆಯೇ ತೋರದೆ ಮಾತು ಮತ್ತು ಚಟುವಟಿಕೆ ಮಿತಿಮೀರುತ್ತವೆ. ತೀವ್ರವಾದ ಖಿನ್ನತೆಯಲ್ಲಿ ತಾನೂ ತನ್ನ ಮಕ್ಕಳೂ ಬದುಕಿ ಫಲವಿಲ್ಲವೆಂಬ ಭಾವನೆ ಕವಿಯುತ್ತದೆ. ಇವೆಲ್ಲವೂ ಮಿದುಳಿನ ಕಾರ್ಯದಲ್ಲಿ ಉಂಟಾಗುವ ಏರುಪೇರುಗಳು. ಮಧುಮೇಹಕ್ಕೆ, ರಕ್ತದ ಒತ್ತಡಕ್ಕೆ ಔಷಧಿಯಿರುವಂತೆ ಇವಕ್ಕೂ ಔಷಧಿಗಳಿವೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಮನೋರೋಗಿಗಳಲ್ಲಿ ಬಹುಸಂಖ್ಯಾತರು ಯಾರಿಗೂ ಕೇಡು ಮಾಡುವವರಲ್ಲ. ಅವರು ಇತರರಿಂದ ಪೆಟ್ಟು ತಿನ್ನುವ, ಕಲ್ಲೆಸೆತಕ್ಕೆ ಗುರಿಯಾಗುವ ಸಂಭವವೇ ಹೆಚ್ಚು. ಅಪಾಯವು ಹೆಚ್ಚುವುದು ರೋಗಕ್ಕೆ ಚಿಕಿತ್ಸೆಯಿಲ್ಲದಿರುವಾಗ, ಔಷಧಿಯನ್ನು ಅರ್ಧಕ್ಕೇ ನಿಲ್ಲಿಸಿದಾಗ, ಅದರೊಡನೆ ಕುಡಿತವೂ ಸೇರಿಕೊಂಡಾಗ. ಆದುದರಿಂದ ಈ ಲೇಖನವನ್ನು ಓದಿ ಮನೆಯಲ್ಲಿರುವ ರೋಗಿಯನ್ನು ಕಂಡು ಭಯಪಡತಕ್ಕದ್ದಲ್ಲ.

ಕಾನೂನು ಹೇಳುವುದೇನು?

ಈ ವಿಷಯದ ಕಾನೂನು ಹುಟ್ಟಿದ ಕಥೆ ಹಳೆಯದು. 1843ರ ಜನವರಿಯಲ್ಲಿ ಲಂಡನ್ ನಗರದಲ್ಲಿ ಡೇನಿಯಲ್ ಮೆಕ್‌ನಾಟನ್ ಎಂಬ ಸ್ಕಾಟ್ಲೆಂಡಿನ ಮರಗೆಲಸದವನು ಎಡ್ವರ್ಡ್ ಡ್ರಮಂಡ್ ಎಂಬಾತನಿಗೆ ಗುಂಡು ಹಾರಿಸಿದನು. ಡ್ರಮಂಡನು ಪ್ರಧಾನಿ ರಾಬರ್ಟ್ ಪೀಲ್ ಅವರ ಕಾರ್ಯದರ್ಶಿ. ಆಳುವ ಪಕ್ಷದವರು ಊರೂರಿಗೂ ತನ್ನನ್ನು ಬೆನ್ನಟ್ಟಿ ಹಿಂಸಿಸುತ್ತಿದ್ದಾರೆಂಬ ಭ್ರಾಂತಿಯಿಂದ ಪೀಡಿತನಾಗಿದ್ದ ಮೆಕ್‌ನಾಟನ್, ಪ್ರಧಾನಿಯೆಂದೇ ಭಾವಿಸಿ ಕಾರ್ಯದರ್ಶಿಯನ್ನು ಕೊಂದನೆಂದು ಹೇಳಲಾಯಿತು. ನ್ಯಾಯಾಲಯವು ಅವನನ್ನು ಬುದ್ಧಿಭ್ರಮಣೆಯ ಕಾರಣ ನಿರ್ದೋಷಿಯೆಂದಿತು. ಅವನು ತನ್ನ ಉಳಿದ ಆಯುಷ್ಯವನ್ನು ಮನೋರೋಗಿಗಳ ಆಸ್ಪತ್ರೆಗಳಲ್ಲಿಯೇ ಕಳೆದನು. ಜನರಲ್ಲಿ ದೊಡ್ಡ ಗದ್ದಲವೆದ್ದಿತು. ಆಗ ಇಂಗ್ಲೆಂಡಿನ ನ್ಯಾಯಾಧೀಶರು ಸೇರಿ, ಎಂತಹ ಚಿತ್ತಸ್ಥಿತಿಯಿದ್ದರೆ ಮಾತ್ರ ಇಂತಹ ಬಿಡುಗಡೆ ದೊರೆಯಬೇಕೆಂಬುದಕ್ಕೆ ನಿಯಮಗಳನ್ನು ಗೊತ್ತುಪಡಿಸಿದರು. ಅದೇ ವಿಚಾರವು ನಮ್ಮ 1860ರ ಭಾರತ ದಂಡ ಸಂಹಿತೆಯಲ್ಲಿ 84ನೆಯ ಕಲಮಾಗಿ ಬಂದಿತು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 22ನೆಯ ಕಲಮು. ಆ ದಿನಕ್ಕೆ ಮೊದಲು ನಡೆದ ಘಟನೆಗಳಿಗೆ ಹಳೆಯ ಸಂಹಿತೆಯೇ ಅನ್ವಯವಾಗುತ್ತದೆ. ಎರಡರ ಸಾರವೂ ಒಂದೇ.

ಸಾರವಿಷ್ಟು: ಕೃತ್ಯವನ್ನು ಮಾಡುವ ಸಮಯದಲ್ಲಿ, ಚಿತ್ತಸ್ವಾಸ್ಥ್ಯವಿಲ್ಲದ ಕಾರಣದಿಂದ, ತಾನು ಮಾಡುತ್ತಿರುವುದು ಎಂತಹ ಕೃತ್ಯವೆಂದು ತಿಳಿಯಲು ಅಥವಾ ಅದು ತಪ್ಪೆಂದಾಗಲಿ ಕಾನೂನಿಗೆ ವಿರುದ್ಧವೆಂದಾಗಲಿ ತಿಳಿಯಲು ಅಸಮರ್ಥನಾಗಿದ್ದವನು ಮಾಡಿದ್ದು ಅಪರಾಧವಾಗುವುದಿಲ್ಲ.

ಇದರಲ್ಲಿ ಪ್ರತಿಯೊಂದು ಪದಕ್ಕೂ ಬೆಲೆಯಿದೆ. ಮಲಗಿರುವ ಮಗುವಿನ ಬದಲು ಹಾಸಿಗೆಯಲ್ಲಿ ಹೆಡೆಯೆತ್ತಿದ ಹಾವನ್ನೇ ಕಾಣುತ್ತ ದೊಣ್ಣೆ ಬೀಸುವ ರೋಗಿಗೆ, ತಾನು ಮಾಡುತ್ತಿರುವ ಕೃತ್ಯವೇ ತಿಳಿದಿರುವುದಿಲ್ಲ. ಅವನಿಗೆ ಈ ಕಲಮಿನ ಆಶ್ರಯವುಂಟು. ಆದರೆ ನೆರೆಯವನ ಮೇಲೆ ವರ್ಷಗಳಿಂದ ಭ್ರಾಂತಿಯ ಹಗೆ ಸಾಧಿಸುತ್ತಿದ್ದು, ಕತ್ತಲಾಗುವವರೆಗೆ ಕಾದು, ಮಚ್ಚನ್ನು ಮಸೆದು, ಕೊಂದ ಮೇಲೆ ಬಾವಿಗೆಸೆದು ಓಡಿಹೋದವನು ರೋಗಿಯೇ ಆಗಿದ್ದರೂ, ತಾನು ಮಾಡಿದ್ದು ತಪ್ಪೆಂದು ಬಲ್ಲನೆಂದು ನ್ಯಾಯಾಲಯವು ತೀರ್ಮಾನಿಸುವ ಸಂಭವವೇ ಹೆಚ್ಚು. ವೈದ್ಯರು ರೋಗವೆಂದು ಹೇಳಿದ ಮಾತ್ರಕ್ಕೆ ಕಾನೂನು ರಕ್ಷಣೆ ಕೊಡುವುದಿಲ್ಲ. ವೈದ್ಯನು ಕೇಳುವ ಪ್ರಶ್ನೆ, "ಇವನಿಗೆ ರೋಗವಿದೆಯೆ?" ಎಂಬುದು. ನ್ಯಾಯಾಧೀಶರು ಕೇಳುವ ಪ್ರಶ್ನೆ, "ಆ ಗಳಿಗೆಯಲ್ಲಿ ಇವನಿಗೆ ತಿಳಿವಳಿಕೆ ಇತ್ತೆ?" ಎಂಬುದು. ವೈದ್ಯನಾಗಿ ನನಗೆ ಈ ಎರಡನೆಯ ಪ್ರಶ್ನೆಯೇ ಹೆಚ್ಚು ಕಠಿಣವೆಂದು ತೋರುತ್ತದೆ. ಏಕೆಂದರೆ ಘಟನೆಯಾಗಿ ವಾರಗಳೋ ತಿಂಗಳುಗಳೋ ಕಳೆದ ಮೇಲೆ ರೋಗಿಯನ್ನು ಪರೀಕ್ಷಿಸಿ, ಆ ಒಂದು ಗಳಿಗೆಯ ಮನಸ್ಸನ್ನು ಓದುವುದು ಯಾವ ಯಂತ್ರದಿಂದಲೂ ಸಾಧ್ಯವಿಲ್ಲ.

ಆಸ್ಪತ್ರೆಯ ಚೀಟಿಯೇ ಸಾಕ್ಷಿಯಾದ ಬಗೆ

ಹಾಗಾದರೆ ನ್ಯಾಯಾಲಯವು ಆ ಗಳಿಗೆಯನ್ನು ತಿಳಿಯುವುದು ಹೇಗೆ? ಅದಕ್ಕೆ ಮೊದಲು ನಡೆದುದನ್ನು, ಆಗ ನಡೆದುದನ್ನು, ಅನಂತರ ನಡೆದುದನ್ನು ಒಟ್ಟಿಗೆ ನೋಡಿ. ಇದನ್ನು ಸ್ಪಷ್ಟಪಡಿಸಿದ್ದು 1964ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತ ಗುಜರಾತಿನ ಠಕ್ಕರ್ ಮೊಕದ್ದಮೆ. ಒಳಗಿನಿಂದ ಅಗುಳಿ ಹಾಕಿದ್ದ ಕೋಣೆಯಲ್ಲಿ ರಾತ್ರಿ ಗಂಡನೊಬ್ಬನು ಹೆಂಡತಿಯನ್ನು ಇರಿದು ಕೊಂದಿದ್ದನು. ಅವನಿಗೆ ಬುದ್ಧಿ ಸ್ವಾಧೀನದಲ್ಲಿರಲಿಲ್ಲವೆಂದು ವಾದಿಸಲಾಯಿತು. ಆದರೆ ಮೊದಲಿನಿಂದ ಅಂತಹ ರೋಗವಿತ್ತೆಂಬುದಕ್ಕೆ ನಂಬತಕ್ಕ ಸಾಕ್ಷ್ಯ ದೊರೆಯಲಿಲ್ಲ. ಅವನಿಗೆ ಆಗಿದ್ದ ಶಿಕ್ಷೆ ಉಳಿಯಿತು. ಬುದ್ಧಿಭ್ರಮಣೆಯನ್ನು ತೋರಿಸಿಕೊಡುವ ಭಾರವು ಆರೋಪಿಯ ಮೇಲಿದೆ, ಆದರೆ ಅದು ಸಿವಿಲ್ ದಾವೆಯಲ್ಲಿ ವಾದಿ ಹೊರುವಷ್ಟು ಭಾರ ಮಾತ್ರ, ಅಂದರೆ "ಹೀಗಿದ್ದಿರುವ ಸಂಭವವೇ ಹೆಚ್ಚು" ಎನ್ನಿಸಿದರೆ ಸಾಕು ಎಂಬ ತತ್ತ್ವವನ್ನು ಆ ತೀರ್ಪು ನಿಲ್ಲಿಸಿತು.

ಇದರ ಪಕ್ಕದಲ್ಲಿ 2002ರ ಸೆಪ್ಟೆಂಬರಿನಲ್ಲಿ ಅದೇ ನ್ಯಾಯಾಲಯವು ತೀರ್ಪಿತ್ತ ಮಹಾರಾಷ್ಟ್ರದ ಭೋಸಲೆ ಮೊಕದ್ದಮೆಯನ್ನಿಟ್ಟು ನೋಡಬೇಕು. ಆರೋಪಿಯು ಪೊಲೀಸ್ ಪೇದೆ. 1994ರ ಏಪ್ರಿಲ್ ತಿಂಗಳಲ್ಲಿ ಒಂದು ಬೆಳಿಗ್ಗೆ, ಬಚ್ಚಲಿನಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಡತಿಯ ತಲೆಗೆ ಅರೆಯುವ ಕಲ್ಲಿನಿಂದ ಹೊಡೆದು ಕೊಂದನು. ಕೆಳಗಿನ ನ್ಯಾಯಾಲಯವು ಅವನನ್ನು ಕೊಲೆಗಾರನೆಂದಿತು, ಉಚ್ಚ ನ್ಯಾಯಾಲಯವೂ ಒಪ್ಪಿತು. ಸರ್ವೋಚ್ಚ ನ್ಯಾಯಾಲಯವು ಮಾತ್ರ ಅವನಿಗೆ 84ನೆಯ ಕಲಮಿನ ರಕ್ಷಣೆಯನ್ನಿತ್ತಿತು. ಏತರಿಂದ? ಅವನ ತಂದೆಗೂ ಮನೋರೋಗವಿತ್ತು. ಅವನೇ 1992ರಿಂದ ಚಿಕಿತ್ಸೆ ಪಡೆಯುತ್ತಿದ್ದನು. ಸಂಶಯಪ್ರಧಾನವಾದ ಸ್ಕಿಜೋಫ್ರೇನಿಯವೆಂದು ವೈದ್ಯರು ಗುರುತಿಸಿದ್ದರು. ಘಟನೆಯಾದ ಮೇಲೆ, 1994ರ ಜೂನ್ 27ರಿಂದ ಡಿಸೆಂಬರ್ 5ರವರೆಗಿನ ಅಲ್ಪಾವಧಿಯಲ್ಲಿ ಅವನನ್ನು 25 ಬಾರಿ ಚಿಕಿತ್ಸೆಗೆ ಕರೆದೊಯ್ಯಬೇಕಾಯಿತು. ಕೊಲೆಗೆ ಹೇಳಲಾದ ಕಾರಣವೂ ದುರ್ಬಲ: ಕೆಲಸಕ್ಕೆ ರಾಜೀನಾಮೆ ಕೊಡಬೇಡವೆಂದು ಹೆಂಡತಿ ಅಡ್ಡಿ ಮಾಡುತ್ತಿದ್ದಳಂತೆ. ಹಾಡುಹಗಲಿನಲ್ಲಿ ಕೊಂದವನು ಅಡಗಿಕೊಳ್ಳಲೂ ಇಲ್ಲ, ಓಡಿಹೋಗಲೂ ಇಲ್ಲ.

ಎರಡು ಮೊಕದ್ದಮೆಗಳಲ್ಲಿಯೂ ಸತ್ತವಳು ಹೆಂಡತಿ, ಕೊಂದವನು ಗಂಡ. ಭೋಸಲೆಯ ಪಾಲಿಗೆ ಸಾಕ್ಷಿ ನುಡಿದದ್ದು ಎರಡು ವರ್ಷ ಹಿಂದಿನಿಂದ ಬರೆದಿಟ್ಟಿದ್ದ ಆಸ್ಪತ್ರೆಯ ದಾಖಲೆ. ನಮ್ಮ ಹಳ್ಳಿಗಳ ಪರಿಸ್ಥಿತಿಗೆ ಇದನ್ನು ಹೊಂದಿಸಿ ನೋಡಿರಿ. ಮುಳಬಾಗಿಲು ಕಡೆ ರೇಷ್ಮೆ ಸಾಕುವ ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ಹಿರಿಯ ಮಗನು ಮೂರು ವರ್ಷಗಳಿಂದ ಒಬ್ಬನೇ ಗೊಣಗುತ್ತಾನೆ, ಹೆಂಡತಿ ಬಡಿಸಿದ ಮುದ್ದೆಯನ್ನು ಮೊದಲು ನಾಯಿಗೆ ಹಾಕಿ ನೋಡುತ್ತಾನೆ. ಮನೆಯವರು ಮಂತ್ರವಾದಿಯಲ್ಲಿ ತಾಯತ ಕಟ್ಟಿಸಿದ್ದಾರೆ, ಹರಕೆ ಹೊತ್ತಿದ್ದಾರೆ, ದರ್ಗಾಕ್ಕೂ ಕರೆದೊಯ್ದಿದ್ದಾರೆ. ತಂಗಿಯ ಮದುವೆಗೆ ಅಡ್ಡಿಯಾದೀತೆಂದು ಆಸ್ಪತ್ರೆಗೆ ಮಾತ್ರ ಹೋಗಿಲ್ಲ. ದೈವಭಕ್ತಿಗೆ ವೈದ್ಯರ ಆಕ್ಷೇಪಣೆಯಿಲ್ಲ. ಹರಕೆಯನ್ನು ಸಲ್ಲಿಸಿ, ಔಷಧಿಯನ್ನೂ ಕೊಡಿಸಬಹುದು. ಆದರೆ ಅನಾಹುತವಾದ ದಿನ, ಈ ಮೂರು ವರ್ಷಗಳ ರೋಗಕ್ಕೆ ಕಾಗದದ ಮೇಲೆ ಒಂದಕ್ಷರದ ಆಧಾರವೂ ಇರುವುದಿಲ್ಲ. ಆಗ ತಾಯಿಯು ನ್ಯಾಯಾಲಯದಲ್ಲಿ ನಿಂತು ಮಗನಿಗೆ ಬುದ್ಧಿ ಸರಿಯಿರಲಿಲ್ಲವೆಂದರೆ, ಮಗನನ್ನು ಉಳಿಸಿಕೊಳ್ಳಲು ಹೇಳುತ್ತಿದ್ದಾಳೆಂದು ಎದುರು ವಕೀಲರು ಹೇಳದಿರುವರೆ? ಮಿಗಿಲಾಗಿ, ಮೂರು ವರ್ಷ ಹಿಂದೆಯೇ ಚಿಕಿತ್ಸೆ ದೊರೆತಿದ್ದರೆ ಆ ಸೊಸೆಯ ಪ್ರಾಣವೇ ಉಳಿಯುವ ಸಂಭವವಿತ್ತು.

ಹುಚ್ಚು ಬಿಟ್ಟ ಹೊರತು ಮದುವೆಯಾಗದು, ಮದುವೆಯಾದ ಹೊರತು ಹುಚ್ಚು ಬಿಡದು ಎಂಬ ಗಾದೆಯನ್ನು ನಗೆಯಾಡಲು ಬಳಸುತ್ತೇವೆ. ಗಾದೆಯ ಎರಡನೆಯ ಭಾಗವನ್ನು ನಿಜವೆಂದು ನಂಬಿ, ರೋಗವನ್ನು ಮುಚ್ಚಿಟ್ಟು ಮದುವೆ ಮಾಡುವವರು ಇಂದಿಗೂ ಇದ್ದಾರೆ. ಮದುವೆಯು ಚಿಕಿತ್ಸೆಯಲ್ಲ. ಮುಚ್ಚಿಟ್ಟ ಮದುವೆಯಲ್ಲಿ ಮಾತ್ರೆಯನ್ನೂ ಮುಚ್ಚಿಟ್ಟೇ ನುಂಗಬೇಕಾಗುತ್ತದೆ, ಕೆಲವೇ ದಿನಗಳಲ್ಲಿ ಅದು ನಿಂತುಹೋಗುತ್ತದೆ.

ಕುಡಿತದ ನೆಪ

ಕುಡಿದ ಅಮಲಿನಲ್ಲಿ ಮಾಡಿದ್ದಕ್ಕೂ ಇದೇ ರಕ್ಷಣೆಯಿದೆಯೆಂದು ಹಲವರು ತಿಳಿದಿರುವರು. ಇಲ್ಲ. ತಾನಾಗಿ ಕುಡಿದವನಿಗೆ ಕಾನೂನು ಈ ಬಾಗಿಲನ್ನು ತೆರೆದಿಲ್ಲ. ಅವನಿಗೆ ತಿಳಿಯದಂತೆ ಅಥವಾ ಅವನ ಇಚ್ಛೆಗೆ ವಿರುದ್ಧವಾಗಿ ಕುಡಿಸಿದ್ದರೆ ಮಾತ್ರ ಬೇರೆ ಮಾತು. 1956ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ಬಸ್‌ದೇವ್ ಮೊಕದ್ದಮೆಯಲ್ಲಿ, ನಿವೃತ್ತ ಸೇನಾ ಜಮಾದಾರನೊಬ್ಬನು ಮದುವೆಯ ಮನೆಯಲ್ಲಿ ಕುಡಿದು, ಕುಳಿತ ಜಾಗ ಬಿಟ್ಟುಕೊಡಲಿಲ್ಲವೆಂಬ ಕಾರಣಕ್ಕೆ ಒಬ್ಬ ಹುಡುಗನಿಗೆ ಗುಂಡು ಹಾರಿಸಿದ್ದನು. ಅಮಲಿನ ವಾದವು ಅವನನ್ನು ಕೊಲೆಯ ಅಪರಾಧದಿಂದ ಪಾರುಮಾಡಲಿಲ್ಲ. ಬಹುಕಾಲದ ಕುಡಿತದಿಂದ ಮಿದುಳೇ ಕೆಟ್ಟು ಬರುವ ಬುದ್ಧಿವಿಕಾರವು ರೋಗವೇ ಆದುದರಿಂದ ಅದರ ವಿಚಾರಣೆಯ ರೀತಿ ಬೇರೆ.

ಬಾಣಂತಿ ಸನ್ನಿ

ಈಗ ದಂಪತಿಗಳಿಗೆ ಅತ್ಯಂತ ಹತ್ತಿರದ ವಿಷಯಕ್ಕೆ ಬರೋಣ. ಹೆರಿಗೆಯಾದ ಸಾವಿರ ತಾಯಂದಿರಲ್ಲಿ ಒಬ್ಬಿಬ್ಬರಿಗೆ, ಸಾಮಾನ್ಯವಾಗಿ ಮೊದಲ ಎರಡು ವಾರಗಳೊಳಗೆ, ತೀವ್ರವಾದ ಬುದ್ಧಿವಿಕಾರವು ತಲೆದೋರುತ್ತದೆ. ಹಳಬರು ಇದನ್ನು ಬಾಣಂತಿ ಸನ್ನಿ ಎಂದು ಕರೆದರು. ಮೊದಲು ನಿದ್ರೆ ಹೋಗುತ್ತದೆ. ಮಗು ಮಲಗಿದ್ದಾಗಲೂ ತಾಯಿಗೆ ಕಣ್ಣು ಮುಚ್ಚದು. ಅನಂತರ ಚಡಪಡಿಕೆ, ಸಂಬಂಧವಿಲ್ಲದ ಮಾತು, ಗಳಿಗೆಗೊಂದು ಭಾವ. ಈ ಮಗು ನನ್ನದಲ್ಲ, ಯಾರೋ ಬದಲಾಯಿಸಿದ್ದಾರೆ ಎನ್ನಬಹುದು. ಇದರೊಳಗೆ ಪಿಶಾಚಿ ಸೇರಿದೆ ಎನ್ನಬಹುದು. ಮಗುವನ್ನು ಬಾವಿಗೆ ಹಾಕೆಂದು ಧ್ವನಿಯೊಂದು ಆಜ್ಞಾಪಿಸುತ್ತಿದೆ ಎನ್ನಬಹುದು. ನಿನ್ನೆಯವರೆಗೆ ಮಗುವನ್ನು ಮುದ್ದಿಸುತ್ತಿದ್ದವಳೇ ಇಂದು ಅದಕ್ಕೆ ಅಪಾಯ ತಂದಾಳು, ತಾನೂ ಜೀವ ಕಳೆದುಕೊಂಡಾಳು. ಇದು ಗಾಳಿ ಸೋಕಿದ್ದಲ್ಲ. ಹಾವು ಕಡಿದವರನ್ನು ಸಾಗಿಸುವಷ್ಟೇ ತ್ವರೆಯಿಂದ ಅವಳನ್ನು ಆಸ್ಪತ್ರೆಗೆ ಸಾಗಿಸಬೇಕು. ಜ್ವರವಿದ್ದರೆ, ತೀವ್ರ ತಲೆನೋವು ಅಥವಾ ಸೆಳವು ಬಂದಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಗರ್ಭಕೋಶದ ಸೋಂಕಿನಿಂದಲೂ ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದರಿಂದಲೂ ಇಂತಹುದೇ ಸ್ಥಿತಿ ಬರಬಹುದು. ಬಾಣಂತಿಗೆ ಕುಡಿಯಲು ನೀರನ್ನೇ ಕೊಡಬಾರದೆಂಬ ವಾಡಿಕೆಯು ರಕ್ತ ಹೆಪ್ಪುಗಟ್ಟುವುದಕ್ಕೆ ಸಹಾಯಮಾಡುತ್ತದೆ ಎಂಬುದನ್ನು ಅಜ್ಜಿಯಂದಿರು ದಯವಿಟ್ಟು ಗಮನಿಸಬೇಕು.

ಇಂಗ್ಲೆಂಡಿನಲ್ಲಿ 1922 ಮತ್ತು 1938ರ ಶಾಸನಗಳು ಇಂತಹ ತಾಯಿಗಾಗಿಯೇ ಕೊಲೆಗಿಂತ ಕಡಿಮೆಯ ಒಂದು ಪ್ರತ್ಯೇಕ ಅಪರಾಧವನ್ನು ಗೊತ್ತುಪಡಿಸಿದವು. ನಮ್ಮ ದೇಶದಲ್ಲಿ ಅಂತಹ ಪ್ರತ್ಯೇಕ ಶಾಸನವಿಲ್ಲ. ಹಸುಗೂಸನ್ನು ಕೊಂದ ತಾಯಿಯ ಮೇಲೆ ಬರುವುದು ಕೊಲೆಯ ಆರೋಪವೇ. ರೋಗದ ಕಾರಣದಿಂದ ಅವಳಿಗೆ ಪೂರ್ಣ ಬಿಡುಗಡೆ ದೊರೆಯಬೇಕಾದರೆ ಅದು 22ನೆಯ ಕಲಮಿನ ಮೂಲಕವೇ ಆಗಬೇಕು. ಸನ್ನಿ ತಟ್ಟಿದ ತಾಯಿಯನ್ನು ಆ ಕಟಕಟೆಯವರೆಗೆ ಹೋಗಲು ಬಿಡುವುದು ಕಾನೂನಿನ ಕಠೋರತೆಗಿಂತ ಹೆಚ್ಚಾಗಿ ನಮ್ಮ ಉದಾಸೀನವೆಂದು ನನ್ನ ಅಭಿಪ್ರಾಯ.

ದೂರದ ಅಮೆರಿಕದ ಟೆಕ್ಸಾಸ್ ಸಂಸ್ಥಾನದಲ್ಲಿ 2001ರಲ್ಲಿ ಆಂಡ್ರಿಯಾ ಯೇಟ್ಸ್ ಎಂಬ ತಾಯಿ ತನ್ನ ಐವರು ಮಕ್ಕಳನ್ನೂ ಸ್ನಾನದ ತೊಟ್ಟಿಯಲ್ಲಿ ಮುಳುಗಿಸಿ ಕೊಂದ ಘಟನೆ ಜಗತ್ತನ್ನೇ ನಡುಗಿಸಿತು. 2002ರಲ್ಲಿ ಅವಳಿಗೆ ಜೀವಾವಧಿ ಶಿಕ್ಷೆಯಾಯಿತು; ಅದು ರದ್ದಾಗಿ, 2006ರ ಮರುವಿಚಾರಣೆಯಲ್ಲಿ ಬುದ್ಧಿಭ್ರಮಣೆಯ ಕಾರಣ ನಿರ್ದೋಷಿಯೆನಿಸಿ ಆಸ್ಪತ್ರೆಗೆ ಕಳುಹಿಸಲ್ಪಟ್ಟಳು. ನಮ್ಮ ಪುಸ್ತಿಕೆಗೆ ಇದರಲ್ಲಿ ಮುಖ್ಯವಾದ ಸಂಗತಿ ಮತ್ತೊಂದಿದೆ. ನಾಲ್ಕನೆಯ ಹೆರಿಗೆಯ ಅನಂತರ ಅವಳಿಗೆ ಈ ರೋಗವು ತೀವ್ರವಾಗಿ ಬಂದಿತ್ತು, ಇನ್ನೊಂದು ಮಗುವಾದರೆ ಅದು ಮರುಕಳಿಸುವುದೆಂದು ಮನೋವೈದ್ಯರು ಎಚ್ಚರಿಸಿದ್ದರು. ಐದನೆಯ ಮಗು ಹುಟ್ಟಿತು, ರೋಗವೂ ಮರಳಿತು.

ಒಮ್ಮೆ ಬಾಣಂತಿ ಸನ್ನಿ ಬಂದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಮುಂದಿನ ಬಾಣಂತನದಲ್ಲಿ ಅದು ಮರಳಬಹುದು. ಆದುದರಿಂದ ಅಂತಹ ದಂಪತಿಗಳು ಮುಂದಿನ ಗರ್ಭವನ್ನು ಅದೃಷ್ಟಕ್ಕೆ ಬಿಡದೆ, ವಂಕಿ, ಮಾತ್ರೆ, ನಿರೋಧ್ ಅಥವಾ ಶಸ್ತ್ರಕ್ರಿಯೆ ಇವುಗಳಲ್ಲಿ ತಮಗೆ ಯಾವುದು ಯುಕ್ತವೆಂಬುದನ್ನು ವೈದ್ಯರೊಡನೆ ಇಬ್ಬರೂ ಕೂಡಿ ವಿಚಾರ ಮಾಡಬೇಕು. ಮಗು ಬೇಕೆಂದಿದ್ದರೆ ಗರ್ಭ ನಿಲ್ಲುವ ಮೊದಲೇ ಮನೋವೈದ್ಯರನ್ನು ಕಾಣಬೇಕು. ಗರ್ಭಿಣಿಯಾದೆನೆಂದು ಮನೋರೋಗದ ಔಷಧಿಯನ್ನು ತಾನಾಗಿ ನಿಲ್ಲಿಸುವುದು ಅಪಾಯಕರ. ಆದರೆ ಸೋಡಿಯಂ ವ್ಯಾಲ್‌ಪ್ರೊಯೇಟ್‌ನಂತಹ ಕೆಲವು ಔಷಧಿಗಳು ಗರ್ಭದ ಶಿಶುವಿಗೆ ಹಾನಿಕರವಾದುದರಿಂದ ವೈದ್ಯರೇ ಅವನ್ನು ಬದಲಾಯಿಸಬೇಕಾಗುತ್ತದೆ. ತಾಯಿಯನ್ನು ಮಗುವಿನಿಂದ ಅಗಲಿಸದೆ ಇಬ್ಬರನ್ನೂ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ನೀಡುವ ವಿಶೇಷ ವಿಭಾಗವು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2009ರಲ್ಲಿ ಆರಂಭವಾಯಿತು. ಮೊದಲ ಬಾಣಂತನವು ನಮ್ಮಲ್ಲಿ ತವರಿನಲ್ಲಿ ನಡೆಯುವುದರಿಂದ ಗಂಡನಿಗೆ ಏನೂ ತಿಳಿಯದೆ ಹೋಗುವುದುಂಟು. ಅವನು ವಾರಕ್ಕೊಮ್ಮೆ ಮಗುವಿನ ಮುಖ ನೋಡಿ ಬರುವುದರ ಜೊತೆಗೆ, ಹೆಂಡತಿಗೆ ರಾತ್ರಿ ನಿದ್ರೆ ಬರುತ್ತಿದೆಯೇ ಎಂದು ಒಂದು ಮಾತು ಕೇಳಿದರೆ ಬಹಳ ಉಪಕಾರ.

ನಿರ್ದೋಷಿಯೆಂದರೆ ಮನೆಗೆ ಬರುವುದೆಂದಲ್ಲ

ಆರೋಪಿಗೆ ವಿಚಾರಣೆಯನ್ನು ಎದುರಿಸುವಷ್ಟು ಬುದ್ಧಿ ಸ್ವಾಧೀನದಲ್ಲಿಲ್ಲವೆಂದು ಕಂಡುಬಂದರೆ, ನ್ಯಾಯಾಲಯವು ವೈದ್ಯರಿಂದ ಪರೀಕ್ಷೆ ಮಾಡಿಸಿ ವಿಚಾರಣೆಯನ್ನು ಮುಂದೂಡಬಹುದು. ವಿಚಾರಣೆ ನಡೆದು ರೋಗದ ಕಾರಣ ನಿರ್ದೋಷಿಯೆನಿಸಿದರೂ, ಕೃತ್ಯವನ್ನು ಅವನೇ ಮಾಡಿದನೋ ಇಲ್ಲವೋ ಎಂಬುದನ್ನು ತೀರ್ಪಿನಲ್ಲಿ ಬರೆಯತಕ್ಕದ್ದು. ಮಾಡಿದ್ದನೆಂದಾದರೆ ಅವನನ್ನು ಸುರಕ್ಷಿತ ವಶದಲ್ಲಿ ಇರಿಸಲು, ಅಥವಾ ಬಂಧುಗಳೋ ಸ್ನೇಹಿತರೋ ಅರ್ಜಿ ಹಾಕಿ, ಅವನಿಂದ ಅವನಿಗಾಗಲಿ ಇತರರಿಗಾಗಲಿ ಕೇಡಾಗದಂತೆ ನೋಡಿಕೊಳ್ಳುವುದಾಗಿ ಜಾಮೀನು ಕೊಟ್ಟರೆ ಅವರಿಗೆ ಒಪ್ಪಿಸಲು ನ್ಯಾಯಾಲಯವು ಆಜ್ಞೆ ಮಾಡುತ್ತದೆ. ಅರ್ಜಿ ಹಾಕುವವರೇ ಇಲ್ಲದಿದ್ದರೆ ಏನಾಗಬಹುದು? ಅಸ್ಸಾಮಿನ ಮಚಾಂಗ್ ಲಾಲುಂಗ್ ಎಂಬ ಹಳ್ಳಿಗನನ್ನು 1951ರಲ್ಲಿ, ಕೊಲೆಗಿಂತ ಎಷ್ಟೋ ಚಿಕ್ಕದಾದ ಒಂದು ಆರೋಪದ ಮೇಲೆ ಹಿಡಿದು ಮಾನಸಿಕ ಆಸ್ಪತ್ರೆಗೆ ಕಳುಹಿಸಲಾಯಿತು. ವಿಚಾರಣೆಯಿಲ್ಲದೆಯೇ 54 ವರ್ಷ ಕಳೆದು 2005ರಲ್ಲಿ ಬಿಡುಗಡೆಯಾದಾಗ ಅವನು ಮುದುಕನಾಗಿದ್ದನು. ಮನೆಯವರು ಕೈಬಿಡದಿರುವುದಕ್ಕೆ ಕಾನೂನಿನಲ್ಲಿಯೂ ಬೆಲೆಯಿದೆಯೆಂಬುದು ಇದರಿಂದ ತಿಳಿಯುತ್ತದೆ.

ಮನೆಯವರು ಮಾಡತಕ್ಕದ್ದು

ವಾರಗಟ್ಟಲೆ ನಿದ್ರೆಗೇಡು, ಒಬ್ಬನೇ ಮಾತನಾಡುವುದು, ಆಧಾರವಿಲ್ಲದ ಸಂಶಯ, ಅನ್ನವನ್ನು ಮುಟ್ಟದಿರುವುದು, ಕತ್ತಿ ಕುಡುಗೋಲನ್ನು ಹಾಸಿಗೆಯ ಕೆಳಗಿಟ್ಟು ಮಲಗುವುದು, "ನನ್ನನ್ನು ಕೊಲ್ಲುವ ಮೊದಲು ನಾನೇ ಅವರನ್ನು ಮುಗಿಸುತ್ತೇನೆ" ಎಂಬ ಮಾತು, ಇವು ಕಂಡಾಗ ಕಾಯತಕ್ಕದ್ದಲ್ಲ. ಕೊನೆಯ ಎರಡು ಕಂಡರಂತೂ ಅದೇ ದಿನ ಹೊರಡಬೇಕು. ಮಕ್ಕಳನ್ನು ಬೇರೆ ಮನೆಗೆ ಕಳುಹಿಸಿ, ಆಯುಧಗಳನ್ನು ಅಡಗಿಸಿರಿ. ರೋಗಿಯೊಡನೆ ಅವನ ಭ್ರಾಂತಿಯ ವಿಷಯದಲ್ಲಿ ವಾದಕ್ಕೆ ನಿಲ್ಲಬಾರದು. ಹೌದೆಂದು ಒಪ್ಪಲೂ ಬಾರದು. "ನಿನಗೆ ಹೆದರಿಕೆಯಾಗಿದೆ, ನಿದ್ರೆಯಿಲ್ಲ, ಡಾಕ್ಟರನ್ನು ಕಂಡು ಬರೋಣ" ಎಂದರೆ ಸಾಮಾನ್ಯವಾಗಿ ಹೊರಡುತ್ತಾರೆ.

ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬನ್ನಿರಿ. ಅಲ್ಲಿ ಮನೋವೈದ್ಯರಿಲ್ಲವೆಂದು ಹಿಂಜರಿಯಬೇಕಾಗಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮದಂತೆ, ರೋಗಿಯು ತನಗೋ ಇತರರಿಗೋ ಗಂಭೀರ ಹಾನಿ ಮಾಡುವ ಸಂದರ್ಭದಲ್ಲಿ ಯಾವ ನೋಂದಾಯಿತ ವೈದ್ಯರೂ 72 ಗಂಟೆಗಳವರೆಗೆ ತುರ್ತು ಚಿಕಿತ್ಸೆ ನೀಡಿ, ಮುಂದಿನ ಆಸ್ಪತ್ರೆಗೆ ಕಳುಹಿಸಬಹುದು. ಕೋಲಾರದಲ್ಲಿ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಯಿದೆ, ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಗೊತ್ತಾದ ಮಂಗಳವಾರಗಳಂದು ಬರುವ ಮನೋಚೈತನ್ಯ ಕಾರ್ಯಕ್ರಮವು 2014ರಲ್ಲಿ ಆರಂಭವಾಯಿತು. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರವೆಂಬುದನ್ನು ಆಶಾ ಕಾರ್ಯಕರ್ತೆಯಿಂದ ತಿಳಿಯಬಹುದು. ಮಾಲೂರಿನವರಿಗೆ ನಿಮ್ಹಾನ್ಸ್ ಅರ್ಧ ದಿನದ ಪ್ರಯಾಣವೂ ಅಲ್ಲ. ಮುಳಬಾಗಿಲು, ಶ್ರೀನಿವಾಸಪುರಗಳಿಂದಲೂ ಅದು ಸುಮಾರು 100 ಕಿಲೋಮೀಟರಿನೊಳಗಿದೆ. ರಾತ್ರಿಯ ವೇಳೆ ದಿಕ್ಕು ತೋಚದಿದ್ದರೆ 14416 ಸಂಖ್ಯೆಗೆ ದೂರವಾಣಿ ಮಾಡಿದರೆ ಟೆಲಿ ಮಾನಸ್ ಸೇವೆಯವರು ಕನ್ನಡದಲ್ಲಿಯೇ ಸಲಹೆ ಕೊಡುವರು, ಇದಕ್ಕೆ ಹಣವಿಲ್ಲ.

ರೋಗಿಯನ್ನು ಸರಪಳಿಯಿಂದ ಕಟ್ಟುವುದನ್ನು ಅದೇ ಅಧಿನಿಯಮವು ನಿಷೇಧಿಸಿದೆ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ, ಸರಪಳಿ ಕಟ್ಟಿದ್ದ ಕಾರಣ ಓಡಲಾಗದೆ 28 ರೋಗಿಗಳು ಸುಟ್ಟು ಸತ್ತರು. ಕಟ್ಟಿಹಾಕಿದವನ ಭ್ರಾಂತಿಯು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು: ಮನೆಯವರು ತನ್ನ ಶತ್ರುಗಳೆಂದು ಅವನು ನಂಬಿದ್ದನು, ಈಗ ಅವನ ಕಾಲಿಗೆ ಅದರ ಪುರಾವೆಯೂ ಸಿಕ್ಕಿತು. ಮಾತ್ರೆಯನ್ನು ನುಂಗದೆ ಉಗುಳುವವರಿಗೆ ಕೆಲವು ವಾರಗಳಿಗೊಮ್ಮೆ ಕೊಡುವ ಚುಚ್ಚುಮದ್ದುಗಳಿವೆ, ವೈದ್ಯರನ್ನು ಕೇಳಿರಿ. ಎರಡು ತಿಂಗಳಲ್ಲಿ ಗುಣ ಕಂಡಿತೆಂದು ಔಷಧಿ ಬಿಡಿಸಬೇಡಿರಿ.

ಆಸ್ಪತ್ರೆಯ ಪ್ರತಿಯೊಂದು ಚೀಟಿಯನ್ನೂ, ಔಷಧಿಯ ರಸೀತಿಯನ್ನೂ, ಪಡಿತರ ಚೀಟಿ ಮತ್ತು ಪಹಣಿಗಳನ್ನಿಡುವ ಪೆಟ್ಟಿಗೆಯಲ್ಲಿಯೇ ದಿನಾಂಕದ ಕ್ರಮದಲ್ಲಿ ಇಡಿರಿ. ಬೇರೆ ವೈದ್ಯರಿಗೆ ತೋರಿಸುವಾಗ ಅವು ಚಿಕಿತ್ಸೆಗೆ ಬೇಕು. ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಬೇಕು. ಬರಬಾರದ ದಿನ ಬಂದರೆ ನ್ಯಾಯಾಲಯಕ್ಕೂ ಬೇಕು.

ಅಂತಹ ದಿನ ಬಂದುಬಿಟ್ಟರೆ, ನಡೆದುದನ್ನು ಮುಚ್ಚಿಡಲು ಹೋಗಬಾರದು. ರಕ್ತ ತೊಳೆಯುವುದು, ಆಯುಧ ಎಸೆಯುವುದು, ರೋಗಿಯನ್ನು ಬೇರೆ ಊರಿಗೆ ಸಾಗಿಸುವುದು ಇವೆಲ್ಲವೂ ಅಪರಾಧಗಳು. ಮೇಲಾಗಿ, ರೋಗಿಗೆ ತಿಳಿವಳಿಕೆಯಿತ್ತೆಂದು ತೋರಿಸುವ ಸಾಕ್ಷ್ಯವಾಗಿ ಅವು ಅವನಿಗೇ ಮುಳುವಾಗುತ್ತವೆ. ಬಂಧಿಸುವ ಪೊಲೀಸರಿಗೆ ಅಂದೇ ರೋಗದ ವಿಷಯ ತಿಳಿಸಿ ಚೀಟಿಗಳ ನಕಲನ್ನು ಕೊಡಿರಿ, ಮೂಲವನ್ನು ನಿಮ್ಮಲ್ಲಿಟ್ಟುಕೊಳ್ಳಿರಿ. ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದಾಗ ಮನೋವೈದ್ಯರಿಂದ ಪರೀಕ್ಷೆ ಮಾಡಿಸಬೇಕೆಂದು ಬರೆದು ಕೇಳಿರಿ, ಸೆರೆಮನೆಯ ವೈದ್ಯರಿಗೆ ಅವನು ನುಂಗುತ್ತಿದ್ದ ಔಷಧಿಗಳ ಹೆಸರನ್ನು ಮುಟ್ಟಿಸಿರಿ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಕೋಲಾರದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ವಶದಲ್ಲಿರುವವರಿಗೆ, ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ವಕೀಲರ ನೆರವು ಉಚಿತವಾಗಿ ದೊರೆಯುತ್ತದೆ. ಕಾನೂನು ನೆರವಿನ ದೂರವಾಣಿ ಸಂಖ್ಯೆ 15100.